ಚಕ್ಕೆ ಕಷಾಯ ಕುಡಿದ ಮೇಲೆ ಶುಗರ್ ಇಳಿಯಿತು ಅಂದರೆ ಏನು ಇಳಿಯಿತು?

ಕುಮಟಾ, ಅಂಕೋಲಾ, ಶಿರಸಿ ಕಡೆ ಈಗ ಎಷ್ಟೋ ಮನೆಗಳಲ್ಲಿ ಎರಡು ವಸ್ತು ಅಕ್ಕಪಕ್ಕದಲ್ಲೇ ಇರುತ್ತವೆ. ಒಂದು, ಬೆರಳು ಚುಚ್ಚಿ ಶುಗರ್ ನೋಡುವ ಮಿಷನ್. ಇನ್ನೊಂದು, ದಾಲ್ಚಿನ್ನಿ ಪುಡಿಯ ಡಬ್ಬ. ಬೆಳಿಗ್ಗೆ ಎದ್ದು ಚಕ್ಕೆ ಕುದಿಸಿದ ನೀರು ಕುಡಿಯುವವರು ಜಾಸ್ತಿಯಾಗಿದ್ದಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಹೇಳುತ್ತಾರೆ: "ಮೊನ್ನೆ ಖಾಲಿ ಹೊಟ್ಟೇಲಿ 152 ಇತ್ತು. ಚಕ್ಕೆ ಕಷಾಯ ಶುರು ಮಾಡಿದೆ. ಇವತ್ತು 138."

ಈ ಮಾತು ಸುಳ್ಳಲ್ಲ. ಮಿಷನ್ ತೋರಿಸಿದ್ದು ಅದೇ ನಂಬರ್. ಆದರೆ 152 ಹೋಗಿ 138 ಬಂದದ್ದಕ್ಕೆ ಚಕ್ಕೆಯೇ ಕಾರಣ ಅನ್ನಬೇಕಾದರೆ, ಮೊದಲು ಆ ನಂಬರ್ ತನ್ನಷ್ಟಕ್ಕೆ ಎಷ್ಟು ಏರಿಳಿಯುತ್ತದೆ ಅನ್ನುವುದು ಗೊತ್ತಿರಬೇಕು. ಆಮೇಲೆ ಯಾವ ಚಕ್ಕೆ, ಎಷ್ಟು ಚಕ್ಕೆ ಎಂಬ ಪ್ರಶ್ನೆ. ಇವೆರಡನ್ನೂ ಒಟ್ಟಿಗೇ ನೋಡಬೇಕು. ಬೇರೆ ಬೇರೆಯಾಗಿ ನೋಡುವುದರಿಂದಲೇ ಇಷ್ಟು ಗೊಂದಲ ಆಗಿರುವುದು.

ಮಿಷನ್‌ನಲ್ಲಿ 100 ಅಂತ ಬಂದರೆ, 100 ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಗ್ಲುಕೋಸ್ ಇದೆ ಎಂದು ಅರ್ಥ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಲೆಕ್ಕ ಹಾಕಿ ನೋಡಿ. ಇಡೀ ರಕ್ತದಲ್ಲಿ ಆ ಕ್ಷಣಕ್ಕೆ ಓಡಾಡುತ್ತಿರುವ ಸಕ್ಕರೆ ಬರೀ 5 ಗ್ರಾಂ, ಅಂದರೆ ಒಂದು ಟೀ ಚಮಚ. ಒಂದು ತಟ್ಟೆ ಅನ್ನದಿಂದ ಇದರ ಹತ್ತು ಪಟ್ಟು ಗ್ಲುಕೋಸ್ ಸುಲಭವಾಗಿ ಬರುತ್ತದೆ. ಅಷ್ಟು ಒಳಗೆ ಬಂದರೂ ರಕ್ತದಲ್ಲಿ ಸುಮಾರು ಒಂದು ಚಮಚವೇ ಉಳಿಯುವಂತೆ ಇನ್ಸುಲಿನ್, ಲಿವರ್, ಸ್ನಾಯು ಎಲ್ಲಾ ಸೇರಿ ನೋಡಿಕೊಳ್ಳುತ್ತವೆ. ಆ ಹಿಡಿತ ಸಡಿಲವಾದರೆ ಅದೇ ಶುಗರ್ ಕಾಯಿಲೆ.

ಗಡಿಗಳನ್ನು ಹೇಳಿಬಿಡುತ್ತೇನೆ. ಕನಿಷ್ಠ 8 ಗಂಟೆ ಏನೂ ತಿನ್ನದೆ ಲ್ಯಾಬ್‌ನಲ್ಲಿ ಕೊಟ್ಟ ರಕ್ತದಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ ಇದೆ. 100ರಿಂದ 125 ಇದ್ದರೆ ಅಂಚಿನಲ್ಲಿ ಇದ್ದೀರಿ. 126 ಅಥವಾ ಅದಕ್ಕಿಂತ ಮೇಲೆ ಬಂದು, ಇನ್ನೊಮ್ಮೆ ನೋಡಿದಾಗಲೂ ಹಾಗೇ ಬಂದರೆ ಶುಗರ್ ಕಾಯಿಲೆ. 75 ಗ್ರಾಂ ಗ್ಲುಕೋಸ್ ನೀರು ಕುಡಿಸಿ 2 ಗಂಟೆ ಬಿಟ್ಟು ನೋಡುವ ಪರೀಕ್ಷೆಯಲ್ಲಿ 140ರ ಒಳಗೆ ಸರಿ, 200 ಅಥವಾ ಮೇಲೆ ಬಂದರೆ ಕಾಯಿಲೆ. ಇವು ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಗಡಿಗಳು. ಈಗಾಗಲೇ ಕಾಯಿಲೆ ಇದ್ದು ಮಾತ್ರೆ ತಿನ್ನುತ್ತಿರುವವರ ಗುರಿ ಬೇರೆ. ಹೆಚ್ಚಿನವರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ ಇದ್ದರೆ ಒಳ್ಳೆಯದು. ವಯಸ್ಸಾದವರಿಗೆ ಡಾಕ್ಟರು ಇನ್ನೂ ಸಡಿಲ ಬಿಡುತ್ತಾರೆ. ಮಾತ್ರೆ ತಿನ್ನುವ 75 ವರ್ಷದ ಅಜ್ಜ 128 ನೋಡಿ ಹೆದರಿ ಊಟ ಬಿಡುವುದನ್ನು ಕಂಡಾಗ ಬೇಜಾರಾಗುತ್ತದೆ. ಅವರಿಗೆ ಅದು ಒಳ್ಳೆಯ ನಂಬರ್.

ಭಟ್ಕಳ, ಕಾರವಾರದ ಕಡೆ ಹೊರದೇಶದಿಂದ ಮಿಷನ್ ತಂದವರ ಮನೆಯಲ್ಲಿ ಕೆಲವೊಮ್ಮೆ 7.8, 8.4 ಅಂತ ಬರುತ್ತದೆ. ಅದು ಇನ್ನೊಂದು ಅಳತೆ. 18ರಿಂದ ಗುಣಿಸಿದರೆ ನಮ್ಮ ಲೆಕ್ಕಕ್ಕೆ ಬರುತ್ತದೆ. 7 ಅಂದರೆ 126.

ಈಗ ಮುಖ್ಯ ವಿಷಯ. ಮನೆಯ ಮಿಷನ್ ಲ್ಯಾಬ್‌ನಷ್ಟು ನಿಖರವಲ್ಲ, ಅಷ್ಟು ನಿಖರವಾಗಿರಲಿ ಅಂತ ಅದನ್ನು ಮಾಡಿಯೂ ಇಲ್ಲ. 2013ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 100ಕ್ಕಿಂತ ಮೇಲಿನ ನಂಬರ್ ಲ್ಯಾಬ್ ನಂಬರಿಗಿಂತ ಶೇ 15ರಷ್ಟು ಆಚೀಚೆ ಇರಬಹುದು. 100ರ ಕೆಳಗಾದರೆ 15 ಪಾಯಿಂಟ್ ಆಚೀಚೆ. ನೂರರಲ್ಲಿ 95 ಸಲ ಈ ಮಿತಿಯೊಳಗೆ ಬಂದರೆ ಮಿಷನ್ ಪಾಸ್. ರಕ್ತದಲ್ಲಿ ನಿಜಕ್ಕೂ 145 ಇದೆ ಅಂದುಕೊಳ್ಳಿ. ಮಿಷನ್ 124 ತೋರಿಸಿದರೂ ಸರಿಯೇ, 166 ತೋರಿಸಿದರೂ ಸರಿಯೇ. ಮದುವೆ ಮನೆಯ 152 ಮತ್ತು 138 ಎರಡೂ ಈ ಅಂತರದ ಒಳಗೇ ಕೂರುತ್ತವೆ. ಎರಡು ದಿನವೂ ರಕ್ತದಲ್ಲಿ ಇದ್ದದ್ದು ಒಂದೇ ಸಕ್ಕರೆ ಆಗಿರಬಹುದು. ಒಂದೇ ಬೆರಳಿನ ರಕ್ತವನ್ನು ಬೆನ್ನುಬೆನ್ನಿಗೆ ಎರಡು ಸ್ಟ್ರಿಪ್‌ಗೆ ಹಾಕಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಕೈಯ ವಿಷಯವಂತೂ ಬಹಳ ಜನಕ್ಕೆ ತಿಳಿದಿಲ್ಲ. ಮೇ ತಿಂಗಳಲ್ಲಿ ನಮ್ಮನೆ ಆಯಿ ಕರಿ ಇಷಾಡ ಮಾವಿನ ಹಣ್ಣು ಹೆಚ್ಚುತ್ತಾ ಕೂತಿದ್ದರು. ಅಂಕೋಲೆಯ ಆ ಹಣ್ಣಿನ ರಸ ಕೈಗೆ ಅಂಟಿದರೆ ಬೇಗ ಬಿಡುವುದಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಬೆರಳು ಚುಚ್ಚಿದರು. 240ರ ಮೇಲೆ ಬಂತು. ಹಣ್ಣಿನ ಒಂದು ಹೋಳೂ ತಿಂದಿರಲಿಲ್ಲ. "ಆಯಿ, ಸಾಬೂನು ಹಾಕಿ ತೊಳೆದು ಬನ್ನಿ, ಬೇರೆ ಬೆರಳಲ್ಲಿ ನೋಡುವ" ಅಂದೆ. 140ರ ಆಸುಪಾಸು ಬಂತು. ಚುಚ್ಚಿದಾಗ ಬರುವ ಹನಿ ಅಷ್ಟು ಸಣ್ಣದು. ಬೆರಳ ಮೇಲೆ ಕಣ್ಣಿಗೆ ಕಾಣದಷ್ಟು ಹಣ್ಣಿನ ಸಕ್ಕರೆ ಇದ್ದರೂ ನಂಬರ್ ಎಲ್ಲಿಗೋ ಹೋಗುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು. ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಚುಚ್ಚಬೇಕು. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ನಂಬರ್ ಕೆಳಗೆ ಬರುತ್ತದೆ.

ಕರಾವಳಿಯವರಿಗೆ ಇನ್ನೊಂದು ಕಾಟ ಇದೆ, ಅದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಉಪ್ಪಿನ ಡಬ್ಬಿಯಲ್ಲೇ ನೀರಾಡುವ ಊರು ನಮ್ಮದು. ಸ್ಟ್ರಿಪ್‌ನಲ್ಲಿ ಇರುವ ಕಿಣ್ವಕ್ಕೆ ತೇವ ಆಗಿಬರುವುದಿಲ್ಲ. ಸ್ಟ್ರಿಪ್ ತೆಗೆದ ಕೂಡಲೇ ಬಾಟಲಿ ಮುಚ್ಚಳ ಗಟ್ಟಿ ಹಾಕಬೇಕು. ಒಳಗಿರುವ ತೇವ ಹೀರುವ ವಸ್ತು ಇರುವುದೇ ಅದಕ್ಕೆ. ನಾಲ್ಕು ಸ್ಟ್ರಿಪ್ ಕಾಗದದಲ್ಲಿ ಕಟ್ಟಿ ಪಕ್ಕದ ಮನೆಗೆ ಕೊಡುವ ರೂಢಿ ಇದೆಯಲ್ಲ, ಕೊಡುವವರ ಮನಸ್ಸು ದೊಡ್ಡದು, ಆದರೆ ಆ ಸ್ಟ್ರಿಪ್ ತೋರಿಸುವ ನಂಬರನ್ನು ನಂಬಬೇಡಿ.

ಲ್ಯಾಬ್ ಕೂಡ ಪ್ರಶ್ನೆಗೆ ಹೊರತಲ್ಲ. ಒಳಗಿನ ಹಳ್ಳಿಯಲ್ಲಿ ಮನೆಗೇ ಬಂದು ರಕ್ತ ತೆಗೆದು, ಘಟ್ಟ ಹತ್ತಿಸಿ ಪೇಟೆಗೆ ಒಯ್ಯುವುದಿದೆ. ಟ್ಯೂಬಿನಲ್ಲಿ ಇದ್ದಾಗಲೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸುಮ್ನೆ ಇಟ್ಟರೆ ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ. ಅದಕ್ಕೇ ಶುಗರ್ ಪರೀಕ್ಷೆಗೆ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬ್ ಬಳಸುತ್ತಾರೆ. ರಕ್ತ ಕೊಡುವಾಗ ಆ ಮುಚ್ಚಳದ ಬಣ್ಣ ಒಮ್ಮೆ ನೋಡಿ.

ಇವೆಲ್ಲ ಅಳತೆಯ ಏರಿಳಿತ. ಮೈಯೊಳಗೆ ನಿಜವಾಗಿಯೇ ಆಗುವ ಏರಿಳಿತ ಬೇರೆ. ಬೆಳಗಿನ ಜಾವ ಮೈ ಎಚ್ಚರಕ್ಕೆ ಸಿದ್ಧವಾಗುವಾಗ ಕೆಲವು ಹಾರ್ಮೋನುಗಳು ಏರುತ್ತವೆ, ಲಿವರ್ ಸಕ್ಕರೆ ಬಿಡುತ್ತದೆ. ಹಾಗಾಗಿ ರಾತ್ರಿ ಮಲಗುವಾಗ 120 ಇದ್ದವರಿಗೆ, ಏನೂ ತಿನ್ನದೆಯೇ, ಬೆಳಿಗ್ಗೆ 140 ಬರಬಹುದು. "ರಾತ್ರಿ ಗಂಜಿ ಮಾತ್ರ ಕುಡಿದದ್ದು, ಆದರೂ ಯಾಕೆ ಜಾಸ್ತಿ?" ಎಂದು ಕೇಳುವವರಿಗೆ ಉತ್ತರ ಬಹಳ ಸಲ ಇದೇ. ನಿದ್ದೆ ಕೆಟ್ಟರೆ, ಜ್ವರ ಬಂದರೆ, ಮನಸ್ಸಿಗೆ ಕಿರಿಕಿರಿ ಆದರೆ ಏರುತ್ತದೆ. ತೋಟದಲ್ಲಿ ಕೆಲಸ ಮಾಡಿದ ಮರುದಿನ ಇಳಿಯುತ್ತದೆ.

ಇಷ್ಟು ಕುಣಿಯುವ ನಂಬರ್‌ಗೆ ಒಂದು ಲಂಗರು ಬೇಕು. ಅದೇ ಎಚ್‌ಬಿಎ1ಸಿ, ನಮ್ಮ ಬಾಯಲ್ಲಿ ಮೂರು ತಿಂಗಳ ಸರಾಸರಿ. ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಂಡರೆ ಆ ಕಣ ಸಾಯುವ ತನಕ ಬಿಡುವುದಿಲ್ಲ. ಕಣದ ಆಯಸ್ಸು ಸುಮಾರು 120 ದಿನ. ಎಷ್ಟು ಶೇಕಡಾ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿದೆ ಎಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಕತೆ ಗೊತ್ತಾಗುತ್ತದೆ. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಮತ್ತು ಮೇಲೆ ಕಾಯಿಲೆ, ನಡುವಿನದು ಅಂಚು. 6 ಅಂದರೆ ಸರಾಸರಿ ಸುಮಾರು 126, 7 ಅಂದರೆ 154, 8 ಅಂದರೆ 183. ಹಿಂದಿನ ದಿನ ಉಪವಾಸ ಮಾಡಿ ಇದನ್ನು ಇಳಿಸಲು ಆಗುವುದಿಲ್ಲ. ಆದರೆ ಇದಕ್ಕೂ ಒಂದು ತೊಡಕಿದೆ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದ್ದವರಿಗೆ ಇದು ಸುಳ್ಳೇ ಜಾಸ್ತಿ ಬರಬಹುದು. ಇತ್ತೀಚೆಗೆ ರಕ್ತ ತುಂಬಾ ಹೋಗಿದ್ದರೆ ಸುಳ್ಳೇ ಕಡಿಮೆ ಬರಬಹುದು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ಗೊತ್ತಲ್ವಾ? ಅದಕ್ಕೇ ಇದರ ಜೊತೆ ಹಿಮೋಗ್ಲೋಬಿನ್ ಎಷ್ಟಿದೆ ಎಂದೂ ನೋಡಬೇಕು.

ಇನ್ನು ಚಕ್ಕೆಗೆ ಬರೋಣ.

ಶಿರಸಿ ಪೇಟೆಯ ಮಸಾಲೆ ಅಂಗಡಿಯಲ್ಲಿ ಕೇಳಿ, ಎರಡು ಬಗೆ ತೋರಿಸುತ್ತಾರೆ. ಒಂದು ದಪ್ಪ, ಕೆಂಪು ಕಂದು ಬಣ್ಣ, ಒಂದೇ ಪದರ, ಅಂಚು ಒಳಗೆ ಮಡಚಿಕೊಂಡಿರುತ್ತದೆ. ಮುರಿಯಲು ಹೋದರೆ ಕೈ ನೋಯುತ್ತದೆ. ವಾಸನೆ ಖಾರ. ಇದು ಕ್ಯಾಸಿಯಾ. ಚೀನಾ, ವಿಯೆಟ್ನಾಂ, ಇಂಡೋನೇಷ್ಯಾ ಕಡೆಯ ಬೇರೆ ಬೇರೆ ಮರಗಳ ತೊಗಟೆ. ಪುಲಾವ್‌ಗೆ, ಗರಂ ಮಸಾಲೆಗೆ ನಾವು ಹಾಕುವುದು ಬಹುಪಾಲು ಇದೇ. ಇನ್ನೊಂದು ತೆಳು, ತಿಳಿ ಕಂದು ಬಣ್ಣ, ಹಲವು ಪದರ ಒಂದರೊಳಗೊಂದು ಸುತ್ತಿಕೊಂಡು ಚುಟ್ಟಾದ ಹಾಗೆ ಕಾಣುತ್ತದೆ. ಎರಡು ಬೆರಳ ನಡುವೆ ಒತ್ತಿದರೆ ಪುಡಿಯಾಗುತ್ತದೆ. ವಾಸನೆ ನಯ, ಸ್ವಲ್ಪ ಸಿಹಿ. ಇದು ಸಿಲೋನ್ ದಾಲ್ಚಿನ್ನಿ. ಬೆಲೆ ಕೇಳಿದರೆ ಕ್ಯಾಸಿಯಾಕ್ಕಿಂತ ಎಷ್ಟೋ ಜಾಸ್ತಿ.

ಬೆಲೆ ಯಾಕೆ ಜಾಸ್ತಿ ಎನ್ನುವುದು ಅದನ್ನು ತೆಗೆಯುವುದನ್ನು ನೋಡಿದರೆ ತಿಳಿಯುತ್ತದೆ. ಗಿಡವನ್ನು ಬುಡಕ್ಕೆ ಕಡಿದು, ಬರುವ ಎಳೆ ಚಿಗುರು ಕೋಲುಗಳನ್ನು ಬೆಳೆಸುತ್ತಾರೆ. ಮಳೆ ಬಿದ್ದು ಸಿಪ್ಪೆ ಸಡಿಲ ಆದಾಗ ಕೋಲು ಕಡಿದು, ಹೊರಗಿನ ಒರಟು ಸಿಪ್ಪೆ ಕೆರೆದು ತೆಗೆಯುತ್ತಾರೆ. ಆಮೇಲೆ ಹಿತ್ತಾಳೆ ಸಲಾಕೆಯಿಂದ ತಿಕ್ಕಿ ತಿಕ್ಕಿ ಒಳ ತೊಗಟೆಯನ್ನು ಕೋಲಿನಿಂದ ಬಿಡಿಸಿ, ಹಾಳೆ ಹಾಗೆ ಎಬ್ಬಿಸಿ, ಒಂದರೊಳಗೊಂದು ಸೇರಿಸಿ ನೆರಳಲ್ಲಿ ಒಣಗಿಸುತ್ತಾರೆ. ಇದೆಲ್ಲ ಕೈಕೆಲಸ. ಕ್ಯಾಸಿಯಾದಲ್ಲಿ ದೊಡ್ಡ ಮರದ ದಪ್ಪ ತೊಗಟೆಯನ್ನೇ ಎಬ್ಬಿಸಿ ಒಣಗಿಸುವುದು, ಅಷ್ಟು ಶ್ರಮ ಇಲ್ಲ.

ಮೂರನೆಯದೂ ಒಂದಿದೆ, ನಮ್ಮ ಬೆಟ್ಟದ್ದು. ಘಟ್ಟದ ಕಾಡಿನಲ್ಲಿ ತಾನಾಗಿ ಬೆಳೆಯುವ ಕಾಡು ದಾಲ್ಚಿನ್ನಿ ಸಿಲೋನೂ ಅಲ್ಲ, ಕ್ಯಾಸಿಯಾವೂ ಅಲ್ಲ, ಅವುಗಳ ದಾಯಾದಿ. ಎಲೆಯಲ್ಲಿ ಬುಡದಿಂದ ತುದಿಗೆ ಹೋಗುವ ಮೂರು ನರ ಎದ್ದು ಕಾಣುತ್ತವೆ. ತೋಟದಲ್ಲಿ ಅಡಿಕೆ ನಡುವೆ ನೆಟ್ಟ ಸಿಲೋನ್ ಜಾತಿಯ ಗಿಡದ ಎಲೆಯೂ ಹಾಗೇ ಇರುತ್ತದೆ. ಹಾಗಾಗಿ ಮನೆಯ ಹಿಂದೆ ಇರುವುದೆಲ್ಲ ಸಿಲೋನ್ ಎಂದು ಎಲೆ ನೋಡಿ ತೀರ್ಮಾನಿಸಬೇಡಿ. ನರ್ಸರಿಯಿಂದ ಜಾತಿ ಹೆಸರು ಕೇಳಿ ತಂದದ್ದಾದರೆ ಆ ಮಾತು ಬೇರೆ. ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ಕೊಂಕಣ ತೇಜ್, ಕೋಯಿಕ್ಕೋಡ್ ಸಂಬಾರ ಸಂಶೋಧನಾ ಸಂಸ್ಥೆಯ ನವಶ್ರೀ, ನಿತ್ಯಶ್ರೀ ಇವೆಲ್ಲ ಸಿಲೋನ್ ಜಾತಿಯವು.

ಶುಗರ್‌ಗೆ ಯಾವುದು ಒಳ್ಳೆಯದು? ಎಲ್ಲರೂ ಹೇಳುವುದು "ಸಿಲೋನ್ ತಗೊಳ್ಳಿ, ಅದೇ ಔಷಧಿ" ಎಂದು. ಇಲ್ಲಿ ಒಂದು ವಿಚಿತ್ರ ಇದೆ. ಚಕ್ಕೆಗೂ ಶುಗರ್‌ಗೂ ಈ ಹೆಸರು ತಂದುಕೊಟ್ಟದ್ದು 2003ರಲ್ಲಿ ಪ್ರಕಟವಾದ ಪಾಕಿಸ್ತಾನದ ಒಂದು ಅಧ್ಯಯನ. ಶುಗರ್ ಇದ್ದ 60 ಜನರಲ್ಲಿ ಕೆಲವರಿಗೆ ದಿನಕ್ಕೆ 1, 3 ಅಥವಾ 6 ಗ್ರಾಂ ಚಕ್ಕೆ, ಉಳಿದವರಿಗೆ ಹುಸಿ ಮಾತ್ರೆ, 40 ದಿನ ಕೊಟ್ಟರು. ಚಕ್ಕೆ ತಿಂದವರ ಖಾಲಿ ಹೊಟ್ಟೆಯ ಶುಗರ್ ಶೇ 18ರಿಂದ 29ರಷ್ಟು ಇಳಿಯಿತು. ಅವರು ಕೊಟ್ಟದ್ದು ಕ್ಯಾಸಿಯಾ! ಆಮೇಲಿನ ಬಹುಪಾಲು ಅಧ್ಯಯನಗಳೂ ಕ್ಯಾಸಿಯಾದ ಮೇಲೇ ಆದವು. 2006ರಲ್ಲಿ ನೆದರ್ಲೆಂಡ್ಸ್‌ನಲ್ಲಿ, 2007ರಲ್ಲಿ ಅಮೆರಿಕದಲ್ಲಿ ಮಾಡಿದಾಗ ಏನೂ ವ್ಯತ್ಯಾಸ ಕಾಣಲಿಲ್ಲ. 2012ರಲ್ಲಿ ಕಾಕ್ರೇನ್ ಸಂಸ್ಥೆ 10 ಅಧ್ಯಯನ, 577 ಜನರ ಲೆಕ್ಕ ಒಟ್ಟು ಮಾಡಿ, ಚಕ್ಕೆಯನ್ನು ಶುಗರ್‌ಗೆ ಕೊಡಿ ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದಿತು. 2013ರ ಇನ್ನೊಂದು ಪರಿಶೀಲನೆಯಲ್ಲಿ ಖಾಲಿ ಹೊಟ್ಟೆಯ ಶುಗರ್ ಸರಾಸರಿ 24 ಪಾಯಿಂಟ್‌ನಷ್ಟು ಇಳಿದದ್ದು ಕಂಡಿತು. ಆದರೆ ಮೂರು ತಿಂಗಳ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಕಣ್ಣು, ಕಿಡ್ನಿ, ಕಾಲಿನ ನರ ಉಳಿಯುವುದು ದಿನವಿಡೀ, ತಿಂಗಳುಗಟ್ಟಲೆ ಶುಗರ್ ಹಿಡಿತದಲ್ಲಿ ಇದ್ದರೆ. ಬೆಳಗಿನ ಒಂದು ನಂಬರ್ ಸ್ವಲ್ಪ ಇಳಿದು, ಸರಾಸರಿ ಇದ್ದಲ್ಲೇ ಇದ್ದರೆ ಲಾಭ ಏನು? ಅದೂ ಅಲ್ಲದೆ ಜನ ಚಕ್ಕೆ ಶುರು ಮಾಡುವುದು ನಂಬರ್ ಜಾಸ್ತಿ ಬಂದು ಹೆದರಿದ ದಿನ. ಅಂಥ ಏರಿದ ದಿನದ ನಂತರ ನಂಬರ್ ತಾನಾಗಿಯೇ ಇಳಿಯುವ ಸಾಧ್ಯತೆ ಜಾಸ್ತಿ. ಅದೇ ದಿನದಿಂದ ಚಹಾದ ಸಕ್ಕರೆ ಬಿಟ್ಟಿರುತ್ತಾರೆ, ಸಂಜೆ ನಡೆಯಲು ಶುರು ಮಾಡಿರುತ್ತಾರೆ. ಹೆಸರು ಮಾತ್ರ ಚಕ್ಕೆಗೆ ಬರುತ್ತದೆ. ಇನ್ನು ನಮ್ಮ ಕಡೆಯ ಕಷಾಯಕ್ಕೆ ಬೆಲ್ಲ, ಹಾಲು ಹಾಕದೆ ಎಷ್ಟು ಜನ ಕುಡಿಯುತ್ತಾರೆ? ಒಂದು ಚಮಚ ಜೋನಿ ಬೆಲ್ಲ ಬಿದ್ದ ಮೇಲೆ ಚಕ್ಕೆಯಿಂದ ಏನನ್ನು ನಿರೀಕ್ಷಿಸುವುದು?

ಹಾಗಾದರೆ ಎರಡು ಬಗೆಯ ವ್ಯತ್ಯಾಸ ನೋಡಬೇಕಾದ್ದು ಯಾಕೆ? ಲಿವರ್‌ಗೋಸ್ಕರ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಚೆನ್ನಾಗಿಯೇ ಇದೆ. ಸಿಲೋನ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೂಮರಿನ್ ಜಾಸ್ತಿಯಾದರೆ ಕೆಲವರಿಗೆ ಲಿವರ್‌ಗೆ ಪೆಟ್ಟು ಬೀಳುತ್ತದೆ. ಎಲ್ಲರಿಗೂ ಅಲ್ಲ, ಆದರೆ ಯಾರಿಗೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ ಎಂದು ಮಿತಿ ಹಾಕಿದೆ. 60 ಕಿಲೋ ತೂಕದವರಿಗೆ 6 ಮಿಲಿಗ್ರಾಂ. ಕ್ಯಾಸಿಯಾ ಪುಡಿಯಲ್ಲಿ ಗ್ರಾಂಗೆ ಸುಮಾರು 3 ಮಿಲಿಗ್ರಾಂ ಕೂಮರಿನ್ ಇರುತ್ತದೆ ಎಂದು ಜರ್ಮನಿಯವರು ಲೆಕ್ಕ ಹಾಕಿದ್ದಾರೆ. ಅಂದರೆ ದಿನಕ್ಕೆ 2 ಗ್ರಾಂಗೆ ಮಿತಿ ಮುಗಿಯಿತು. ಒಂದು ಟೀ ಚಮಚ ಪುಡಿ ಸುಮಾರು 2.5 ಗ್ರಾಂ ತೂಗುತ್ತದೆ. ದಿನಾ ಬೆಳಿಗ್ಗೆ ಒಂದು ಚಮಚ ಕ್ಯಾಸಿಯಾ ಪುಡಿ ನುಂಗುವವರು ದಿನಾ ಮಿತಿ ದಾಟುತ್ತಿದ್ದಾರೆ. ಒಂದೆರಡು ದಿನ ದಾಟಿದರೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೀಗೇ ಆಗುವುದು ಬೇಡ. ಪುಲಾವ್‌ಗೆ ಹಾಕುವ ತುಂಡಿನ ಬಗ್ಗೆ ಯೋಚನೆಯೇ ಬೇಡ. ಅದನ್ನು ತಿನ್ನುವುದೂ ಇಲ್ಲ, ದಿನಾ ಮಾಡುವುದೂ ಇಲ್ಲ.

ಇನ್ನೊಂದು ಮಾತು. ಪುಡಿ ಆದ ಮೇಲೆ ಯಾವುದು ಯಾವುದು ಎಂದು ಕಣ್ಣಲ್ಲಿ ಹೇಳುವುದು ಕಷ್ಟ. ನಮ್ಮ ದೇಶದ ಆಹಾರ ನಿಯಮದಲ್ಲಿ ದಾಲ್ಚಿನ್ನಿಗೆ ಬೇರೆ, ಕ್ಯಾಸಿಯಾಕ್ಕೆ ಬೇರೆ ಮಾನದಂಡ ಇದೆ. ಆದರೂ ಬಿಡಿ ಪುಡಿ ತರುವಾಗ ಅದರಲ್ಲಿ ಏನಿದೆ ಎಂದು ಯಾರು ನೋಡಿದ್ದಾರೆ? ಕೋಲು ತಂದು ಮನೆಯಲ್ಲೇ ಪುಡಿ ಮಾಡಿಕೊಳ್ಳಿ. ಸಿಲೋನ್ ಕೋಲು ಮಿಕ್ಸರ್‌ನಲ್ಲಿ ಸುಲಭವಾಗಿ ಪುಡಿಯಾಗುತ್ತದೆ.

ಚಕ್ಕೆ ಇಷ್ಟ, ದಿನಾ ಬೇಕು ಅನ್ನುವವರು ಸಿಲೋನ್ ಕುಡಿಯಲಿ, ಬೆಲ್ಲ ಹಾಕದೆ. ಲಿವರ್ ತೊಂದರೆ ಇದ್ದವರು, ಬಸುರಿಯರು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಡಾಕ್ಟರ ಹತ್ತಿರ ಕೇಳದೆ ಶುರು ಮಾಡಬಾರದು. ಯಾರೇ ಆಗಲಿ, ಚಕ್ಕೆ ನಂಬಿ ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ನಿಲ್ಲಿಸಬಾರದು. ಶುಗರ್ ಏರಿದ್ದು ಮೊದಮೊದಲು ಗೊತ್ತೇ ಆಗುವುದಿಲ್ಲ, ಕಾಲಿನ ಹುಣ್ಣು ಮಾಯದೆ ಹೋದಾಗ ಗೊತ್ತಾಗುತ್ತದೆ.

ಇಳಿಯುವುದರ ಬಗ್ಗೆಯೂ ಎಚ್ಚರ ಬೇಕು. ಗ್ಲಿಮಿಪಿರೈಡ್ ಜಾತಿಯ ಮಾತ್ರೆ, ಇನ್ಸುಲಿನ್ ಇವು ಊಟ ಮಾಡದಿದ್ದರೂ ಶುಗರ್ ಇಳಿಸುತ್ತವೆ. ಸಂಕಷ್ಟಿ ದಿನ ಚಂದ್ರ ಕಾಣುವ ತನಕ ಉಪವಾಸ ಇದ್ದು ಬೆಳಿಗ್ಗೆ ಎಂದಿನಂತೆ ಮಾತ್ರೆ ನುಂಗಿದರೆ ಮಧ್ಯಾಹ್ನಕ್ಕೆ ಬೆವರು, ನಡುಕ, ಕಣ್ಣು ಮಂಜು. 70ಕ್ಕಿಂತ ಕೆಳಗೆ ಬಂದರೆ ವ್ರತ ನೋಡಬೇಡಿ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. 54ರ ಕೆಳಗೆ ಹೋದರೆ ಅದು ಅಪಾಯ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಮಿಷನ್‌ನಿಂದ ನಿಜವಾದ ಉಪಯೋಗ ಬೇಕಾದರೆ ಖಾಲಿ ಹೊಟ್ಟೆಯ ನಂಬರ್ ಒಂದನ್ನೇ ದಿನಾ ನೋಡಿ ಚಿಂತೆ ಮಾಡುವ ಬದಲು ಜೋಡಿ ನೋಡಿ. ತಿನ್ನುವ ಮೊದಲು ಒಮ್ಮೆ, ಮೊದಲ ತುತ್ತು ತಿಂದ ಹೊತ್ತಿನಿಂದ 2 ಗಂಟೆಗೆ ಇನ್ನೊಮ್ಮೆ. ಒಂದು ದಿನ ತೆಳ್ಳೇವು (ತೆಳು ದೋಸೆ) ಜೋನಿ ಬೆಲ್ಲ, ಇನ್ನೊಂದು ದಿನ ಅದೇ ತೆಳ್ಳೇವು ಕಾಯಿ ಚಟ್ನಿ. ಒಂದು ದಿನ ಅನ್ನ ಜಾಸ್ತಿ, ಇನ್ನೊಂದು ದಿನ ಅನ್ನ ಅರ್ಧ ಮಾಡಿ ಬಂಗಡೆಯೋ ಹೆಸರುಕಾಳೋ ಜಾಸ್ತಿ. ಏನು ತಿಂದಿರಿ, ಎಷ್ಟು ಏರಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಇಲ್ಲಿ ಬರುವ ವ್ಯತ್ಯಾಸ ಮದುವೆ ಮನೆಯ 152, 138ರ ಹಾಗೆ 14 ಪಾಯಿಂಟ್‌ನದ್ದಲ್ಲ, 50, 60 ಕೂಡ ಇರಬಹುದು. ಅದು ಮಿಷನ್‌ನ ಆಟ ಅಲ್ಲ. ಚಕ್ಕೆಯನ್ನೂ ಹೀಗೇ ಪರೀಕ್ಷಿಸಬಹುದು. ಒಂದೇ ತಿಂಡಿ, ಒಂದೇ ಹೊತ್ತು, ಚಕ್ಕೆ ನೀರು ಕುಡಿದ ಕೆಲವು ದಿನ, ಕುಡಿಯದ ಕೆಲವು ದಿನ. ಆ ಪುಸ್ತಕವನ್ನು ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಒಯ್ಯಿರಿ. ಮಾತ್ರೆ ಜಾಸ್ತಿ ಮಾಡಬೇಕೋ ಕಡಿಮೆ ಮಾಡಬೇಕೋ ಎಂದು ನೋಡುವುದಕ್ಕೆ ಅವರಿಗೆ ಬೇಕಾದ ಲೆಕ್ಕ ಅದರಲ್ಲಿ ಸಿಗುತ್ತದೆ.